ಹಸುಗೂಸಿಗೆ ಹಲ್ಲು ಮೂಡುವ ಕಾಲ: ನೋವು ಶಮನಕ್ಕೆ ಸುರಕ್ಷಿತ ದಾರಿ

ಅನ್ನಪ್ರಾಶನದ ಸಂಭ್ರಮವೂ ಮೊದಲ ಹಲ್ಲಿನ ಕಿರಿಕಿರಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮನೆಗೆ ಬರುತ್ತವೆ. ಜಿನಸೇನಾಚಾರ್ಯರ ಆದಿಪುರಾಣ ವಿವರಿಸುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಅನ್ನಪ್ರಾಶನವೂ ಒಂದು. ಇಂದಿನ ವೈದ್ಯರೂ ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜತೆಗೆ ಮೆದು ಆಹಾರ ಆರಂಭಿಸಲು ಹೇಳುತ್ತಾರೆ. ಮನೆಯವರು ಮಗುವಿಗೆ ಮೊದಲ ತುತ್ತು ತಿನ್ನಿಸುವ ದಿನ ಗೊತ್ತು ಮಾಡುತ್ತಿರುವಾಗಲೇ ಮಗು ಜೊಲ್ಲು ಸುರಿಸಲು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ಕಚ್ಚಲು, ರಾತ್ರಿ ಎದ್ದು ಅಳಲು ತೊಡಗುತ್ತದೆ.

ಆಗ ಸಲಹೆಗಳಿಗೆ ಕೊರತೆ ಇರುವುದಿಲ್ಲ. ಅಜ್ಜಿ ಬಜೆ ತೇದು ನೆಕ್ಕಿಸಲು ಹೇಳುತ್ತಾರೆ, ನೆರೆಮನೆಯವರು ಜೇನು ಸವರಲು ಹೇಳುತ್ತಾರೆ, ಮೆಡಿಕಲ್‌ನಲ್ಲಿ ಯಾವುದೋ ಜೆಲ್ ಸಿಗುತ್ತದೆ, ಮೊಬೈಲ್‌ನಲ್ಲಿ ತಣ್ಣಗಿನ ಕ್ಯಾರೆಟ್ ಕೊಡುವ ವಿಡಿಯೊ ಬರುತ್ತದೆ. ಬಂಟ್ವಾಳದ ಪೇಟೆ ಮನೆಯಲ್ಲೂ, ಬೆಳ್ತಂಗಡಿಯ ತೋಟದ ನಡುವಿನ ಮನೆಯಲ್ಲೂ, ಮೂಡುಬಿದಿರೆಯ ಬಸದಿ ಬೀದಿಯ ಮನೆಯಲ್ಲೂ ಹೊಸ ತಾಯಿ ಕೇಳುವುದು ಒಂದೇ ಪ್ರಶ್ನೆ: ಇವುಗಳಲ್ಲಿ ಯಾವುದು ಸರಿ?

ಉತ್ತರ ಸರಳ. ಹಲ್ಲು ಮೂಡುವುದು ಕಾಯಿಲೆಯಲ್ಲ. ಅದರ ನೋವು ಸಣ್ಣದು, ಕೆಲವು ದಿನಗಳದ್ದು. ಸ್ವಚ್ಛವಾದ ಬೆರಳು, ತಣ್ಣನೆಯ ಬಟ್ಟೆ, ಎತ್ತಿಕೊಳ್ಳುವ ಕೈ ಇಷ್ಟಿದ್ದರೆ ಬಹುತೇಕ ಮಕ್ಕಳಿಗೆ ಸಾಕು. ಅಪಾಯ ಬರುವುದು ಎರಡು ಕಡೆಯಿಂದ. ಒಂದು, ನೋವು ಕಡಿಮೆ ಮಾಡಲೆಂದು ಮಗುವಿನ ಬಾಯಿಗೆ ಹಾಕುವ ವಸ್ತುಗಳಿಂದ. ಇನ್ನೊಂದು, ಬೇರೆ ಕಾಯಿಲೆಯ ಜ್ವರ, ಭೇದಿಯನ್ನು ‘ಹಲ್ಲು ಬರುತ್ತಿದೆ’ ಎಂದು ಸುಮ್ಮನಾಗುವುದರಿಂದ.

ಹಲ್ಲು ಬರುವ ಕ್ರಮ

ಮಗು ಹುಟ್ಟುವಾಗಲೇ ಹಾಲುಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳೊಳಗೆ ಕೆಳಗಿನ ಎರಡು ಮುಂಭಾಗದ ಹಲ್ಲುಗಳು ಮೊದಲು ಕಾಣುತ್ತವೆ. ಎಂಟರಿಂದ ಹನ್ನೆರಡು ತಿಂಗಳಲ್ಲಿ ಮೇಲಿನ ಎರಡು, ಬಳಿಕ ಅವುಗಳ ಪಕ್ಕದವು. ಮೊದಲ ದವಡೆ ಹಲ್ಲುಗಳು 13ರಿಂದ 19 ತಿಂಗಳಲ್ಲಿ, ಕೋರೆಹಲ್ಲುಗಳು 16ರಿಂದ 23 ತಿಂಗಳಲ್ಲಿ, ಎರಡನೆಯ ದವಡೆ ಹಲ್ಲುಗಳು 23ರಿಂದ 33 ತಿಂಗಳಲ್ಲಿ ಬರುತ್ತವೆ. ಮೂರು ವರ್ಷದೊಳಗೆ ಒಟ್ಟು 20 ಹಾಲುಹಲ್ಲುಗಳು ಪೂರ್ಣವಾಗುತ್ತವೆ.

ಈ ಲೆಕ್ಕದಲ್ಲಿ ಒಂದೆರಡು ತಿಂಗಳು ಹಿಂದೆಮುಂದೆ ಆಗುವುದು ಸಹಜ. ಕೆಲವು ಮಕ್ಕಳಿಗೆ ನಾಲ್ಕನೆಯ ತಿಂಗಳಲ್ಲೇ ಹಲ್ಲು ಕಾಣುತ್ತದೆ, ಕೆಲವರಿಗೆ ಮೊದಲ ಹುಟ್ಟುಹಬ್ಬ ಕಳೆದರೂ ಕಾಣುವುದಿಲ್ಲ. ಒಂದೂವರೆ ವರ್ಷವಾದರೂ ಒಂದು ಹಲ್ಲೂ ಬಾರದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಹುಟ್ಟುವಾಗಲೇ ಹಲ್ಲಿದ್ದರೆ ಅದು ಅಪಶಕುನವಲ್ಲ. ಆದರೆ ಅದು ಸಡಿಲವಾಗಿದ್ದರೆ ಕಳಚಿ ಉಸಿರುದಾರಿಗೆ ಹೋಗುವ ಸಂಭವ ಇರುವುದರಿಂದ ವೈದ್ಯರು ನೋಡಬೇಕಾಗುತ್ತದೆ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಒಳ್ಳೆಯದಲ್ಲ ಎಂಬ ಮಾತು ಹಲವು ಕಡೆ ಇದೆ. ಅಳಿಯಸಂತಾನದ ನೆನಪು ಇನ್ನೂ ಇರುವ ತುಳುನಾಡಿನಲ್ಲಿ ಮಾವನ ಸ್ಥಾನ ದೊಡ್ಡದು, ಹಾಗಾಗಿ ಈ ಮಾತು ಬಾಣಂತಿಯನ್ನು ಹೆಚ್ಚು ನೋಯಿಸುತ್ತದೆ. ಯಾವ ಹಲ್ಲು ಮೊದಲು ಬರುತ್ತದೆ ಎಂಬುದು ಮಗುವಿನ ಬೆಳವಣಿಗೆಯ ವಿಷಯ. ಅದಕ್ಕೂ ಮಾವನ ಆಯುಷ್ಯಕ್ಕೂ ಸಂಬಂಧವಿಲ್ಲ.

ಕೆಲವು ಮಕ್ಕಳಿಗೆ ಹಲ್ಲು ಮೂಡುವ ಮೊದಲು ವಸಡಿನ ಮೇಲೆ ನೀಲಿ ಬಣ್ಣದ ಸಣ್ಣ ಗುಳ್ಳೆ ಏಳುತ್ತದೆ. ಹಲ್ಲು ಹೊರಬಂದಾಗ ಅದು ತಾನಾಗಿಯೇ ಹೋಗುತ್ತದೆ. ಅದನ್ನು ಚುಚ್ಚಲೂಬಾರದು, ಉಜ್ಜಿ ಒಡೆಯಲೂಬಾರದು.

ಹಲ್ಲಿನಿಂದ ಆಗುವುದು, ಆಗದೇ ಇರುವುದು

ಹಲ್ಲು ಬರುವಾಗ ಜೊಲ್ಲು ಹೆಚ್ಚುತ್ತದೆ. ವಸಡು ಊದಿ ಕೆಂಪಾಗುತ್ತದೆ. ಮಗು ಕೈ ಕಚ್ಚುತ್ತದೆ, ಕೆನ್ನೆ ಉಜ್ಜಿಕೊಳ್ಳುತ್ತದೆ, ರಚ್ಚೆ ಹಿಡಿಯುತ್ತದೆ, ಊಟ ಸ್ವಲ್ಪ ಕಡಿಮೆ ಮಾಡುತ್ತದೆ, ನಿದ್ದೆ ಕೆಡುತ್ತದೆ. ಮೈ ಸ್ವಲ್ಪ ಬೆಚ್ಚಗಾಗಬಹುದು. ಇಷ್ಟೇ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 125 ಮಕ್ಕಳ 475 ಹಲ್ಲುಗಳು ಮೂಡುವುದನ್ನು ತಂದೆತಾಯಿ ದಿನವೂ ಬರೆದಿಟ್ಟರು. ಹಲ್ಲು ಕಾಣುವ ನಾಲ್ಕು ದಿನ ಮೊದಲಿನಿಂದ ಮೂರು ದಿನ ನಂತರದವರೆಗೆ, ಅಂದರೆ ಒಟ್ಟು ಎಂಟು ದಿನಗಳಲ್ಲಿ ಮಾತ್ರ ಕಿರಿಕಿರಿ ಹೆಚ್ಚಿತ್ತು. ಜೋರು ಜ್ವರಕ್ಕೂ ಹಲ್ಲಿಗೂ ನಂಟು ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನದಲ್ಲಿ ದಂತವೈದ್ಯರು 47 ಮಕ್ಕಳನ್ನು ಎಂಟು ತಿಂಗಳು ಮನೆಗೇ ಹೋಗಿ ನೋಡಿದರು. ಅಲ್ಲಿಯೂ ಹಲ್ಲು ಮೂಡುವ ದಿನ ಮೈಬಿಸಿ ಜ್ವರದ ಮಟ್ಟ ಮುಟ್ಟಲಿಲ್ಲ.

ಹಾಗಾದರೆ ಹಲ್ಲು ಬರುವ ಕಾಲದಲ್ಲೇ ಮಕ್ಕಳಿಗೆ ಜ್ವರ, ಭೇದಿ ಏಕೆ ಬರುತ್ತದೆ? ತಾಯಿಯ ಗರ್ಭದಿಂದ ಮಗುವಿಗೆ ಬಂದಿದ್ದ ರೋಗನಿರೋಧಕ ಅಂಶಗಳು ಸುಮಾರು ಆರು ತಿಂಗಳ ಹೊತ್ತಿಗೆ ಕಡಿಮೆಯಾಗುತ್ತವೆ. ಅದೇ ಹೊತ್ತಿಗೆ ಮಗು ಬೋರಲು ಬಿದ್ದು ಅಂಬೆಗಾಲಿಡಲು ತೊಡಗುತ್ತದೆ, ನೆಲದ ಮೇಲಿನದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಹೊರಗಿನ ಆಹಾರವೂ ಆರಂಭವಾಗಿರುತ್ತದೆ. ಸೋಂಕು ಬರುವುದು ಈ ದಾರಿಗಳಿಂದ. ದೂರು ಮಾತ್ರ ಹಲ್ಲಿನ ಮೇಲೆ ಬೀಳುತ್ತದೆ.

ಈ ತಪ್ಪು ಲೆಕ್ಕ ಕರಾವಳಿಯಲ್ಲಿ ದುಬಾರಿಯಾಗಬಹುದು. ದಕ್ಷಿಣ ಕನ್ನಡದಲ್ಲಿ ಮಳೆಗಾಲವೆಂದರೆ ಡೆಂಗೆ, ಮಲೇರಿಯಾ ಜ್ವರಗಳ ಕಾಲವೂ ಹೌದು. ಎಂಟು ತಿಂಗಳ ಮಗುವಿಗೆ ಜುಲೈಯಲ್ಲಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಬಂದರೆ ಅದು ಹಲ್ಲಿನ ಜ್ವರವಲ್ಲ. ನೀರಿನಂತೆ ಭೇದಿಯಾದರೆ ಅದು ಹಲ್ಲಿನ ಭೇದಿಯಲ್ಲ. ಬಾಯೊಳಗೆ ಹುಣ್ಣು, ಕೈಕಾಲಿನಲ್ಲಿ ಗುಳ್ಳೆ ಕಂಡರೆ ಅದು ವೈರಸ್ ಸೋಂಕಿರಬಹುದು. ಜ್ವರದೊಂದಿಗೆ ಕಿವಿ ಎಳೆದುಕೊಂಡು ಅತ್ತರೆ ಕಿವಿಯ ಸೋಂಕಿರಬಹುದು.

ನಂಬಿಕೆ ಹಳೆಯದು, ವಿವೇಕವೂ ಹಳೆಯದು

ಹಲ್ಲು ಮೂಡುವುದೇ ಮಕ್ಕಳ ಎಲ್ಲ ರೋಗಗಳಿಗೆ ಕಾರಣ ಎಂಬ ಮಾತು ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇದೆ. ಆದರೆ ಅದೇ ಗ್ರಂಥ, ಹಲ್ಲು ಬಂದ ಬಳಿಕ ಈ ತೊಂದರೆಗಳು ತಾವಾಗಿಯೇ ಶಮನವಾಗುತ್ತವೆ, ಆದ್ದರಿಂದ ಮಗುವನ್ನು ಅತಿಯಾದ ಚಿಕಿತ್ಸೆಯಿಂದ ಕಾಡಬಾರದು ಎಂದೂ ಹೇಳುತ್ತದೆ. ಮೊದಲ ಮಾತು ಮನೆಮನೆಯಲ್ಲಿ ಉಳಿಯಿತು. ಎರಡನೆಯದನ್ನು ನೆನಪಿಟ್ಟವರು ಕಡಿಮೆ.

ಪಶ್ಚಿಮದಲ್ಲಿಯೂ ಹೀಗೇ ಆಯಿತು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಸಾವಿರಾರು ಶಿಶುಗಳ ಸಾವಿಗೆ ಹಲ್ಲನ್ನೇ ಕಾರಣವೆಂದು ಬರೆಯಲಾಗುತ್ತಿತ್ತು. ಅಮೆರಿಕದಲ್ಲಿ 1849ರಿಂದ ಮಾರಾಟವಾದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಎಂಬ ಹಲ್ಲುನೋವಿನ ಔಷಧದಲ್ಲಿ ಮಾರ್ಫಿನ್ ಇತ್ತು. ಅಳು ನಿಂತಿತೆಂದು ತಾಯಂದಿರು ಸಮಾಧಾನಪಟ್ಟರು, ಆದರೆ ಹಲವು ಮಕ್ಕಳು ಮತ್ತೆ ಏಳಲೇ ಇಲ್ಲ. ಇಂಗ್ಲೆಂಡಿನ ಹಲ್ಲಿನ ಪುಡಿಗಳಲ್ಲಿದ್ದ ಪಾದರಸದಿಂದ ಮಕ್ಕಳ ಕೈಕಾಲು ಕೆಂಪೇರಿ ಸುಲಿಯುವ ಕಾಯಿಲೆ ಹರಡಿತ್ತು. 1950ರ ದಶಕದಲ್ಲಿ ಆ ಪುಡಿಗಳಿಂದ ಪಾದರಸ ತೆಗೆದ ಬಳಿಕ ಆ ಕಾಯಿಲೆಯೂ ಬಹುತೇಕ ಮರೆಯಾಯಿತು. 2008ರಲ್ಲಿ ನೈಜೀರಿಯಾದಲ್ಲಿ ‘ಮೈ ಪಿಕಿನ್’ ಎಂಬ ಹಲ್ಲಿನ ಸಿರಪ್‌ಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿ 80ಕ್ಕೂ ಹೆಚ್ಚು ಮಕ್ಕಳು ಸತ್ತರು.

ಈ ಮಕ್ಕಳಲ್ಲಿ ಯಾರೂ ಹಲ್ಲಿನಿಂದ ಸಾಯಲಿಲ್ಲ. ಹಲ್ಲಿಗೆಂದು ಕೊಟ್ಟ ಔಷಧದಿಂದ ಸತ್ತರು.

ಮನೆಯಲ್ಲೇ ಮಾಡಬಹುದಾದ ಶಮನ

ಮೊದಲನೆಯದು ಬೆರಳು. ಸೋಪಿನಲ್ಲಿ ಕೈ ಚೆನ್ನಾಗಿ ತೊಳೆದು, ಉಗುರು ಕತ್ತರಿಸಿದ ಬೆರಳಿನಿಂದ ಊದಿದ ವಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಉಜ್ಜಬೇಕು. ಒಳಗಿನಿಂದ ಹಲ್ಲು ಒತ್ತುತ್ತಿರುವಾಗ ಹೊರಗಿನಿಂದ ಹಿತವಾದ ಒತ್ತಡ ಸಿಕ್ಕರೆ ಮಗುವಿಗೆ ಆರಾಮವೆನಿಸುತ್ತದೆ. ಬಂಟ್ವಾಳ, ಬೆಳ್ತಂಗಡಿ ಕಡೆ ಬೀಡಿ ಕಟ್ಟುವ ಕೆಲಸ ವ್ಯಾಪಕವಾಗಿದೆ. ಬೀಡಿ ಕಟ್ಟುವವರು, ತೋಟದಲ್ಲಿ ಔಷಧಿ ಸಿಂಪಡಿಸಿ ಬಂದವರು ಮಗುವನ್ನು ಮುಟ್ಟುವ ಮೊದಲು ಕೈ ತೊಳೆಯುವುದಷ್ಟೇ ಅಲ್ಲ, ಬಟ್ಟೆಯನ್ನೂ ಬದಲಿಸಬೇಕು.

ಎರಡನೆಯದು ತಣ್ಣನೆಯ ಬಟ್ಟೆ. ಮೆತ್ತಗಿನ ಹತ್ತಿಯ ಬೈರಾಸಿನ ಶುಭ್ರವಾದ ತುಂಡನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು ಮಗುವಿಗೆ ಕಚ್ಚಲು ಕೊಡಬಹುದು. ಬಟ್ಟೆಯ ಒಂದು ತುದಿ ದೊಡ್ಡವರ ಕೈಯಲ್ಲೇ ಇರಬೇಕು. ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದದ್ದನ್ನು ಕೊಡಬಾರದು, ಮಂಜುಗಡ್ಡೆಯ ತಂಪಿನಿಂದ ಎಳೆಯ ವಸಡಿಗೆ ಗಾಯವಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ದಿನಗಟ್ಟಲೆ ಬಾರದ ಊರುಗಳಲ್ಲಿ ಫ್ರಿಜ್ ಬೇಕೆಂದೇನಿಲ್ಲ. ಕುದಿಸಿದ ನೀರನ್ನು ಮಣ್ಣಿನ ಹೂಜಿಯಲ್ಲಿಟ್ಟರೆ ಬೇಕಾದಷ್ಟು ತಂಪಾಗುತ್ತದೆ.

ಜೈನ ಮನೆಗಳಲ್ಲಿ ನೀರು ಗಾಳಿಸಿ ಬಳಸುವುದು ತಲೆತಲಾಂತರದ ಶಿಸ್ತು. ದಪ್ಪ ಬಟ್ಟೆಯಲ್ಲಿ ಗಾಳಿಸಿದರೆ ಕಣ್ಣಿಗೆ ಕಾಣುವ ಸಣ್ಣ ಜೀವಿಗಳೂ ಕಸವೂ ಉಳಿಯುತ್ತವೆ. ಆದರೆ ಭೇದಿ ತರುವ ರೋಗಾಣುಗಳು ಬಟ್ಟೆಯ ಎಳೆಗಳ ನಡುವೆ ನುಸುಳುವಷ್ಟು ಚಿಕ್ಕವು. ಆದ್ದರಿಂದ ಮಗುವಿನ ಬಾಯಿಗೆ ಹೋಗುವ ನೀರನ್ನು ಗಾಳಿಸಿದ ಮೇಲೆ ಕುದಿಸಲೇಬೇಕು. ಜುಲೈ-ಆಗಸ್ಟ್‌ನಲ್ಲಿ ಬಾವಿಯ ನೀರು ಮೇಲೆ ಬಂದಾಗ ಇದು ಇನ್ನೂ ಮುಖ್ಯ.

ಮೂರನೆಯದು ಕಚ್ಚುವ ಆಟಿಕೆ. ಒಂದೇ ತುಂಡಿನ, ಗಟ್ಟಿ ರಬ್ಬರ್ ಅಥವಾ ಸಿಲಿಕಾನ್‌ನ ಬಳೆ ಒಳ್ಳೆಯದು. ಒಳಗೆ ದ್ರವ ತುಂಬಿದ್ದು ಬೇಡ, ಕಚ್ಚಿದಾಗ ಒಡೆಯಬಹುದು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಜಾತ್ರೆಯಲ್ಲೋ ರಥೋತ್ಸವದ ಅಂಗಡಿಯಲ್ಲೋ ಕೊಳ್ಳುವಾಗಲೂ ಆ ಗುರುತು ನೋಡಬೇಕು. ನೆಂಟರು ಉಡುಗೊರೆ ಕೊಡುವ ಬೆಳ್ಳಿಯ ಗಿಲಕಿಯನ್ನು ಆಡಿಸಿ ತೋರಿಸಬಹುದು, ಬಾಯಿಗೆ ಕೊಡಬಾರದು. ಅದರ ಗೆಜ್ಜೆ ಕಳಚಿದರೆ ಸೀದಾ ಗಂಟಲಿಗೆ ಹೋಗುತ್ತದೆ.

ನಾಲ್ಕನೆಯದು ಜೊಲ್ಲು ಒರೆಸುವುದು. ಜೊಲ್ಲು ನಿಂತಲ್ಲಿ ಗಲ್ಲ, ಕತ್ತಿನ ಚರ್ಮ ಕೆಂಪಾಗಿ ತುರಿಸುತ್ತದೆ. ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ, ತುಸು ತೆಂಗಿನ ಎಣ್ಣೆ ಸವರಿದರೆ ಸಾಕು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಒದ್ದೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮಗುವಿನ ಬಾಯೊರೆಸುವ ಬಟ್ಟೆಗಳನ್ನು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ಬಳಸಬೇಕು.

ಐದನೆಯದು ಊಟ. ವಸಡು ನೋಯುವಾಗ ಮಗು ಬಿಸಿ ಆಹಾರ ಉಗುಳುತ್ತದೆ. ಆರಿದ ರಾಗಿ ಮಣ್ಣಿ, ನುಣ್ಣಗೆ ಮಾಡಿದ ಕುಚ್ಚಲಕ್ಕಿ ಗಂಜಿ, ಹಿಸುಕಿದ ಬಾಳೆಹಣ್ಣು ಸುಲಭವಾಗಿ ಇಳಿಯುತ್ತವೆ. ಎರಡು ದಿನ ಕಡಿಮೆ ತಿಂದರೆ ಹೆದರಬೇಕಾಗಿಲ್ಲ. ಎದೆಹಾಲು ಮಾತ್ರ ಕೇಳಿದಾಗಲೆಲ್ಲ ಕೊಡಬೇಕು, ಏಕೆಂದರೆ ಈ ದಿನಗಳಲ್ಲಿ ಅದೇ ಆಹಾರ, ಅದೇ ಸಮಾಧಾನ. ಹಾಲು ಕುಡಿಯುವಾಗ ಮಗು ಕಚ್ಚಿದರೆ ಬೈಯುವುದಕ್ಕಿಂತ, ಹಾಲೂಡಿಸುವ ಮೊದಲು ವಸಡು ಉಜ್ಜಿ ತಣಿಸಿದರೆ ಹೆಚ್ಚು ಪ್ರಯೋಜನ.

ಬಾಯಿಗೆ ಹಾಕಬಾರದವು

ಜೇನುತುಪ್ಪ: ಮದ್ಯ, ಮಾಂಸ, ಮಧು ತ್ಯಾಗ ಶ್ರಾವಕರ ಮೂಲಗುಣಗಳಲ್ಲೇ ಸೇರಿದೆ. ಆದರೂ ಮಗುವಿಗೆ ‘ಔಷಧ’ವೆಂದು ಒಂದು ಹನಿ ಸವರುವ ಮನೆಗಳಿವೆ. ಜೇನಿನಲ್ಲಿ ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣುಗಳು ಇರಬಹುದು. ದೊಡ್ಡವರ ಹೊಟ್ಟೆ ಅವನ್ನು ತಡೆಯುತ್ತದೆ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಟ್ಟರೆ ಸ್ನಾಯುಗಳು ಸೋತು ಉಸಿರಾಟಕ್ಕೇ ತೊಂದರೆಯಾಗುತ್ತದೆ. ಇಲ್ಲಿ ಧರ್ಮದ ಮಾತೂ ವೈದ್ಯರ ಮಾತೂ ಒಂದೇ.

ಬ್ರಾಂಡಿ: ವಸಡಿಗೆ ಬ್ರಾಂಡಿ ಹಚ್ಚುವುದು ಹಳೆಯ ಕಾಲದ ಮದ್ದು. ಸ್ವಲ್ಪ ಮದ್ಯವೂ ಶಿಶುವಿನ ರಕ್ತದ ಸಕ್ಕರೆಯನ್ನು ಇಳಿಸಬಲ್ಲದು. ಅದು ಯಾವ ಮನೆಯಲ್ಲೂ ಬೇಡ.

ಬಜೆ: ತೇದ ಬಜೆ ನೆಕ್ಕಿಸುವುದು, ಬಜೆಯ ಮಣಿ ಪೋಣಿಸಿ ಕೈಗೆ ಕಟ್ಟುವುದು ಕರಾವಳಿಯಲ್ಲಿ ರೂಢಿ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಹಾನಿಕರ ಎಂಬ ಕಾರಣಕ್ಕೆ ಅಮೆರಿಕ 1968ರಲ್ಲೇ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ತೇಯುವ ಕಲ್ಲು, ನೀರು, ಕೈಯಿಂದ ರೋಗಾಣು ಸೇರುವುದು ಇನ್ನೊಂದು ತೊಂದರೆ. ಕೈಗೆ ಕಟ್ಟಿದ ಮಣಿಯನ್ನು ಹಲ್ಲು ಬರುವ ಮಗು ಕಚ್ಚಿಯೇ ಕಚ್ಚುತ್ತದೆ, ದಾರ ಹರಿದರೆ ಮಣಿ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು. ಕೊರಳಿಗೆ ಹಾಕುವ ಯಾವ ದಾರ, ಸರವೂ ನಿದ್ದೆಯಲ್ಲಿ ಉರುಳಾಗಬಹುದು. ‘ಹಲ್ಲುನೋವಿಗೆ’ ಎಂದು ಆನ್‌ಲೈನ್‌ನಲ್ಲಿ ಮಾರುವ ಅಂಬರ್ ಮಣಿಸರದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದ್ದು ಇದೇ ಕಾರಣಕ್ಕೆ.

ಲವಂಗದ ಎಣ್ಣೆ: ದೊಡ್ಡವರ ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಈ ಎಣ್ಣೆ ಮಗುವಿನ ವಸಡನ್ನು ಸುಡುತ್ತದೆ. ನುಂಗಿದರೆ ಯಕೃತ್ತಿಗೆ ಹಾನಿ.

ಮರಗಟ್ಟಿಸುವ ಜೆಲ್‌ಗಳು: ಬೆಂಝೊಕೇನ್ ಇರುವ ಜೆಲ್ ರಕ್ತದಲ್ಲಿ ಆಮ್ಲಜನಕ ಸಾಗುವುದನ್ನೇ ತಡೆಯಬಲ್ಲದು. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಬಳಸಬಾರದೆಂದು 2018ರಲ್ಲಿ ಅಮೆರಿಕದಲ್ಲಿ ಸೂಚನೆ ಹೊರಟಿತು. ಲಿಗ್ನೊಕೇನ್ ನುಂಗಿದರೆ ಹೃದಯಕ್ಕೆ, ಮಿದುಳಿಗೆ ತೊಂದರೆ. ಬಾಯಿಹುಣ್ಣಿನ ಕೆಲವು ಜೆಲ್‌ಗಳಲ್ಲಿರುವ ಕೋಲಿನ್ ಸ್ಯಾಲಿಸಿಲೇಟ್ ಆಸ್ಪಿರಿನ್ ಜಾತಿಯದ್ದು, ಮಕ್ಕಳಿಗೆ ಸಲ್ಲದು. ಜೊಲ್ಲು ಸುರಿಯುತ್ತಿರುವ ಬಾಯಿಯಲ್ಲಿ ಯಾವ ಜೆಲ್ಲೂ ಎರಡು ನಿಮಿಷ ನಿಲ್ಲುವುದಿಲ್ಲ. ನೋವಿನ ಜಾಗದಿಂದ ಜಾರಿ ಹೊಟ್ಟೆಗೇ ಹೋಗುತ್ತದೆ.

ಹಲ್ಲಿನ ಹೋಮಿಯೋಪಥಿ ಮಾತ್ರೆಗಳು: ಅಮೆರಿಕದಲ್ಲಿ 2017ರಲ್ಲಿ ಇಂಥ ಕೆಲವು ಮಾತ್ರೆಗಳನ್ನು ಪರೀಕ್ಷಿಸಿದಾಗ ಬೆಲ್ಲಡೋನ ಎಂಬ ವಿಷಸಸ್ಯದ ಅಂಶ ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿತ್ತು, ಕೆಲವದರಲ್ಲಿ ಚೀಟಿಯಲ್ಲಿ ಬರೆದುದಕ್ಕಿಂತ ತುಂಬ ಹೆಚ್ಚು. ‘ಸೈಡ್ ಇಫೆಕ್ಟ್ ಇಲ್ಲ’ ಎಂಬ ಮಾತನ್ನೇ ನಂಬಿ ಶಿಶುವಿಗೆ ಕೊಡಬಾರದು.

ಗಟ್ಟಿ ತರಕಾರಿ: ಕ್ಯಾರೆಟ್ ಕಂದಮೂಲವಾದ್ದರಿಂದ ಹಲವು ಜೈನ ಮನೆಗಳಿಗೆ ಅದು ಬರುವುದೇ ಇಲ್ಲ. ಅದರ ಬದಲು ಮುಳ್ಳುಸೌತೆ, ಸೇಬಿನ ತುಂಡು ಕೊಡುವವರಿದ್ದಾರೆ. ಒಂದೇ ಹಲ್ಲು ಬಂದಿದ್ದರೂ ಮಗು ತುಂಡು ಕಚ್ಚಿ ತೆಗೆಯಬಲ್ಲದು, ಆದರೆ ಅಗಿಯಲಾರದು. ಹಸಿಯ ಗಟ್ಟಿ ತುಂಡು ಯಾವುದೂ ಬೇಡ.

ಅಡಿಕೆ ಅಂಗಳದ ಎಚ್ಚರ

ಹಲ್ಲು ಬರುವ ಮಗುವಿಗೆ ಕಚ್ಚುವ ಆಸೆ, ಅಂಬೆಗಾಲಿನ ವೇಗ ಎರಡೂ ಒಟ್ಟಿಗೆ ಬರುತ್ತವೆ. ಈ ಮೂರೂ ತಾಲೂಕುಗಳ ಕೃಷಿಕರ ಮನೆಗಳಲ್ಲಿ ಅಂಗಳದ ತುಂಬ ಅಡಿಕೆ, ಜಗಲಿಯಲ್ಲಿ ಗೋಣಿ, ಮೂಲೆಯಲ್ಲಿ ಸಲಕರಣೆ ಇರುತ್ತದೆ. ಅಡಿಕೆ ಹೋಳು, ಹುಣಸೆ ಬೀಜ, ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದವು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಾಯಿ ಸುಡುತ್ತದೆ. ಗುಲಗಂಜಿ ಬೀಜ ಜಗಿದರೆ ಮಾರಕ ವಿಷ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತು ನೋಡಲು ನೀಲಿ ಕಲ್ಲುಸಕ್ಕರೆಯಂತೆ ಇರುತ್ತದೆ. ಅದನ್ನೂ ಸುಣ್ಣವನ್ನೂ ಬೀಗ ಹಾಕಿದ ಕೋಣೆಯಲ್ಲೇ ಇಡಬೇಕು. ರಿಮೋಟ್‌ನ ಸಣ್ಣ ಬಟನ್ ಸೆಲ್ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಲು ತೊಡಗುತ್ತದೆ, ಆದ್ದರಿಂದ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಒಂದು ವರ್ಷದೊಳಗಿನ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ ಅಳು, ಕೆಮ್ಮು ನಿಂತರೆ ಮಗುವನ್ನು ಮುಂಗೈ ಮೇಲೆ ಕವುಚಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಬೇಕು. ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಹೀಗೇ ಮುಂದುವರಿಸಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಕಾಣದ ವಸ್ತುವನ್ನು ಬೆರಳು ಹಾಕಿ ಹುಡುಕಬಾರದು, ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಔಷಧ ಬೇಕೆನಿಸಿದಾಗ

ಬೆರಳು, ಬಟ್ಟೆ, ಆಟಿಕೆ ಯಾವುದಕ್ಕೂ ಸುಮ್ಮನಾಗದೆ ಮಗು ನೋವಿನಿಂದ ಅಳುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದು. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು. ಇಲ್ಲಿ ಆಗುವ ತಪ್ಪು ಒಂದಿದೆ. ಶಿಶುಗಳ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧ ಇರುತ್ತದೆ. ಸಿರಪ್‌ನಲ್ಲಿ 5 ಮಿಲಿಲೀಟರಿಗೆ 125 ಅಥವಾ 250 ಮಿಲಿಗ್ರಾಂ. ಅಂದರೆ ಡ್ರಾಪ್ಸ್ ಎರಡರಿಂದ ನಾಲ್ಕು ಪಟ್ಟು ಗಾಢ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಯಕೃತ್ತಿಗೆ ಹಾನಿಯಾಗುವಷ್ಟು ಔಷಧ ಹೋಗಬಹುದು. ಬಾಟಲಿಯೊಂದಿಗೆ ಬಂದ ಅಳತೆಯಲ್ಲೇ ಕೊಡಬೇಕು, ಅಡುಗೆಮನೆಯ ಚಮಚದಲ್ಲಿ ಅಲ್ಲ. ಅಣ್ಣನಿಗೆ ತಂದು ಉಳಿದ ಬಾಟಲಿಯನ್ನು ತಮ್ಮನಿಗೆ ಬಳಸಬಾರದು.

ಆಸ್ಪಿರಿನ್ ಮಕ್ಕಳಿಗೆ ನಿಷಿದ್ಧ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ 2011ರಲ್ಲೇ ನಿಷೇಧಿಸಿದೆ. ನಿದ್ದೆ ಬರಿಸುವ ಕೆಮ್ಮಿನ ಸಿರಪ್ ಹಲ್ಲುನೋವಿಗೆ ಔಷಧವಲ್ಲ.

ರಾತ್ರಿಯ ಹೊತ್ತು, ವ್ರತದ ಪ್ರಶ್ನೆ

ಹಗಲು ಆಟದಲ್ಲಿ ಮರೆತ ನೋವು ರಾತ್ರಿ ದೊಡ್ಡದಾಗುತ್ತದೆ. ರಾತ್ರಿಭೋಜನ ತ್ಯಾಗವನ್ನು ಕಟ್ಟುನಿಟ್ಟಾಗಿ ಪಾಲಿಸುವ ಮನೆಗಳಲ್ಲಿ ಹೊಸ ತಾಯಿಗೆ ಒಂದು ಅಳುಕು ಇರುತ್ತದೆ: ಸೂರ್ಯಾಸ್ತದ ಮೇಲೆ ಮಗುವಿಗೆ ಏನು ಕೊಡಬಹುದು? ವ್ರತ ಸ್ವೀಕಾರಕ್ಕೆ ಶಾಸ್ತ್ರಗಳು ಎಂಟು ವರ್ಷದ ವಯಸ್ಸನ್ನು ಹೇಳುತ್ತವೆ. ಹಸುಗೂಸಿಗೆ ವ್ರತದ ಭಾರವಿಲ್ಲ. ಎದೆಹಾಲಿಗೆ ಹೊತ್ತಿನ ನಿಯಮವಿಲ್ಲ. ಭೇದಿಯಾಗುತ್ತಿರುವ ಮಗುವಿಗೆ ಓಆರ್‌ಎಸ್, ವೈದ್ಯರು ಹೇಳಿದ ಔಷಧವನ್ನು ಬೆಳಗಿನವರೆಗೆ ಮುಂದೂಡಬಾರದು. ನರಳುವ ಜೀವಕ್ಕೆ ನೆರವಾಗುವುದು ಜೀವದಯೆಯ ಮೊದಲ ಪಾಠ.

ಭೇದಿಯಾದಾಗ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಕಲಸಿ ಚಮಚದಿಂದ ಕುಡಿಸಬೇಕು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಎದೆಹಾಲು ನಿಲ್ಲಿಸಬಾರದು. ಓಆರ್‌ಎಸ್, ಸತುವಿನ ಮಾತ್ರೆ ಆಶಾ ಕಾರ್ಯಕರ್ತೆಯರ ಬಳಿ, ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ.

ವೈದ್ಯರ ಬಳಿಗೆ ಯಾವಾಗ

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ತಡ ಮಾಡದೆ ಹೋಗಬೇಕು. ದೊಡ್ಡ ಮಗುವಿಗಾದರೂ ಜ್ವರ ಒಂದು ದಿನ ದಾಟಿದರೆ ಅಥವಾ ಜೋರಾಗಿದ್ದರೆ ತೋರಿಸಬೇಕು. ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ನೆತ್ತಿ ಕುಳಿ ಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ಮೈಯ ನೀರು ಬತ್ತಿದೆ ಎಂದರ್ಥ. ಎದೆಹಾಲನ್ನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಎರಡು ತಿಂಗಳಿಂದ ಒಂದು ವರ್ಷದ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ರಾತ್ರಿಯಾದರೂ ಕಾಯಬಾರದು.

ಬಂಟ್ವಾಳ ಮತ್ತು ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆಗಳು, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ, ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾಸ್ಪತ್ರೆ ಇವೆ. ಆದರೆ ಚಾರ್ಮಾಡಿ, ಶಿಶಿಲ, ನಾರಾವಿ ಕಡೆಯ ಒಳಗಿನ ಮನೆಗಳಿಂದ ಮಳೆಯ ರಾತ್ರಿಯಲ್ಲಿ ಹೊರಡುವುದು ಸುಲಭವಲ್ಲ. ಅಂಥ ಮನೆಗಳಲ್ಲಿ ಥರ್ಮಾಮೀಟರ್, ಎರಡು ಓಆರ್‌ಎಸ್ ಪೊಟ್ಟಣ, ವೈದ್ಯರು ಪ್ರಮಾಣ ಬರೆದುಕೊಟ್ಟ ಪ್ಯಾರಾಸಿಟಮಾಲ್, ತಾಯಿ ಕಾರ್ಡ್ ಒಂದೇ ಚೀಲದಲ್ಲಿರಲಿ. ವಾಹನದವರ ನಂಬರ್ ಗೋಡೆಯ ಮೇಲೆ ಬರೆದಿರಲಿ. ಹೊಳೆ ಏರುವ ಮೊದಲು, ಸಂಜೆಯೇ ಹೊರಡುವ ತೀರ್ಮಾನ ಮಾಡುವುದು ಲೇಸು.

ಹಲ್ಲು ಬಂದ ಮೇಲೆ

ಮೊದಲ ಹಲ್ಲು ಕಂಡ ದಿನದಿಂದಲೇ ಅದರ ಆರೈಕೆ ಶುರು. ಮೆತ್ತನೆಯ ಪುಟ್ಟ ಬ್ರಷ್‌ಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆ ಎರಡು ಬಾರಿ ಉಜ್ಜಬೇಕು. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಮುಂದಿನ ಹಲ್ಲುಗಳು ಎರಡು ವರ್ಷದೊಳಗೇ ಹುಳುಕಾಗುತ್ತವೆ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಬೇಕು. ಹೇಗೂ ಬಿದ್ದುಹೋಗುವ ಹಾಲುಹಲ್ಲು ಎಂದು ಕಡೆಗಣಿಸುವಂತಿಲ್ಲ. ಮಗು ಅಗಿಯುವುದು, ಮಾತು ಕಲಿಯುವುದು ಆ ಹಲ್ಲುಗಳಿಂದಲೇ. ಮುಂದಿನ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಅವೇ.

ಅಜ್ಜಿ ಮತ್ತು ಸೊಸೆಯ ನಡುವೆ ಬಜೆ, ಜೇನಿನ ವಿಷಯಕ್ಕೆ ಮನಸ್ತಾಪ ಆಗಬೇಕಾಗಿಲ್ಲ. ಅಜ್ಜಿಯ ಬಳಿ ಇರುವ ದೊಡ್ಡ ಮದ್ದು ಬೇರೆಯೇ ಇದೆ. ನಡುರಾತ್ರಿ ತಾಯಿಗೆ ಎರಡು ಗಂಟೆ ನಿದ್ದೆ ಬರಲೆಂದು ಮಗುವನ್ನು ಹೆಗಲಿಗೆ ಹಾಕಿಕೊಂಡು, ಜೋಗುಳ ಹಾಡುತ್ತ ಜಗಲಿಯಲ್ಲಿ ಓಡಾಡುವ ಮದ್ದು ಅದು. ನೋಯುವ ವಸಡು ನಾಲ್ಕು ದಿನದಲ್ಲಿ ತಣಿಯುತ್ತದೆ. ಅಷ್ಟು ದಿನ ಮಗುವಿಗೆ ಬೇಕಾದದ್ದು ಆ ಹೆಗಲು.